ಕೋಚ್ ಕಟ್ಟುನಿಟ್ಟು, ಹಳೆಯ ಆಟಗಾರ ಕ್ಯಾಮೆರಾ ಮುಂದೆ: ಯಾರ ಪರ ನಿಲ್ಲಬೇಕು?

ಪ್ರಶ್ನೆ: ಸರ್, ನಾವು ಬೆಳಗಾವಿಯ ಟಿಳಕವಾಡಿ, ಅನಗೋಳ, ಶಹಾಪುರ ಕಡೆಯ ಹುಡುಗರು. ಎಲ್ಲರೂ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು. ರೊನಾಲ್ಡೊ ಕ್ಲಬ್ ಬಿಟ್ಟ ಮೇಲೂ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಬಗ್ಗೆ ಆಡಿದ ಮಾತಿನ ಮೇಲೆ ನಮ್ಮಲ್ಲಿ ಇವತ್ತಿಗೂ ಜಗಳ ನಡೆದೇ ಇದೆ. ಅರ್ಧ ಮಂದಿ “ಅವ ಹೇಳಿದ್ದು ಖರೆ, ಟೆನ್ ಹಾಗ್ ಅತೀ ಕಟ್ಟುನಿಟ್ಟು ಮಾಡಿ ಟೀಮ್ ಹಾಳು ಮಾಡಿದ” ಅಂತಾರ. ಉಳಿದವರು “ರೊನಾಲ್ಡೊ ಉಂಡ ಮನಿ ಜಂತಿ ಎಣಿಸ್ಯಾನ” ಅಂತಾರ. ಈಗ ಇದೇ ಜಗಳ ನಮ್ಮ ಸ್ವಂತ ಟೀಮಿಗೂ ಬಂದದ. ನಮ್ಮ ಸ್ಟ್ರೈಕರ್ ಉದ್ಯಮಬಾಗದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವ. ಬೆಳಗಿನ ಪ್ರಾಕ್ಟೀಸಿಗೆ ತಡ ಮಾಡಿದ ಅಂತ ಕೋಚ್ ಸರ್ ಅವನನ್ನು ಸೆಮಿಫೈನಲ್‌ನಲ್ಲಿ ಹೊರಗೆ ಕೂಡ್ರಿಸಿದರು, ಮೈದಾನದಲ್ಲಿ ಜನರ ಮುಂದೆ “ಇವನಿಗೆ ಆಟದ ಮೇಲೆ ನಿಷ್ಠೆ ಇಲ್ಲ” ಅಂದರು. ನಾವು ಸೋತೆವು. ಮೊದಲು ನಮ್ಮ ಟೀಮಿಗೆ ಆಡಿದ್ದ ಅಣ್ಣ ಒಬ್ಬರು ಯೂಟ್ಯೂಬ್ ಚಾನೆಲ್ ಒಂದರಲ್ಲಿ ಕೋಚ್ ವಿರುದ್ಧ ಮಾತಾಡಿದರು. ನಾನು ಕ್ಯಾಪ್ಟನ್. ಯಾರ ಪರ ನಿಲ್ಲಬೇಕು?

ಉತ್ತರ: ತಮ್ಮಾ, ನಿಮ್ಮ ಗುಂಪಿನ ಎರಡೂ ಕಡೆಯವರು ಆಟಗಾರ ದೊಡ್ಡವನೋ ಮ್ಯಾನೇಜರ್ ದೊಡ್ಡವನೋ ಎಂದು ಅಳೆಯುತ್ತಿದ್ದೀರಿ. ಅದನ್ನು ಎಷ್ಟು ಅಳೆದರೂ ಜಗಳ ಬಗೆಹರಿಯುವುದಿಲ್ಲ. ನಾನಾದರೆ ಬೇರೆಯದನ್ನು ನೋಡುತ್ತೇನೆ. ಡ್ರೆಸ್ಸಿಂಗ್ ರೂಮಿನ ಮಾತನ್ನು ಮೊದಲು ಹೊರಗೆ ತಂದವರು ಯಾರು? ಕೋಚ್ ಒಳಗೆ ಗದರಲಿ, ಬೆವರಿಳಿಸಲಿ, ಬೆಂಚಿನ ಮೇಲೆ ಕೂಡ್ರಿಸಲಿ, ತಂಡ ಅದನ್ನು ತಡೆದುಕೊಳ್ಳುತ್ತದೆ. ಅದೇ ಮಾತು ಮೈಕಿನ ಮುಂದೆ ಬಂದ ಮೇಲೆ ಇಬ್ಬರಿಗೂ ಹಿಂದೆ ಸರಿಯಲು ಜಾಗ ಉಳಿಯುವುದಿಲ್ಲ. ಇಷ್ಟು ವರ್ಷ ಹುಡುಗರಿಗೆ ಆಟ ಹೇಳಿಕೊಡುತ್ತ, ದೊಡ್ಡ ಕ್ಲಬ್ಬುಗಳ ಜಗಳಗಳನ್ನೂ ಓದುತ್ತ ಬಂದವನಿಗೆ ಇದರಷ್ಟು ಖಚಿತವಾಗಿ ಕಂಡದ್ದು ಬೇರೊಂದಿಲ್ಲ.

ಮೊದಲು ರೊನಾಲ್ಡೊ. ನಿಮ್ಮವರು ಎರಡು ಬೇರೆ ಘಟನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. 2022ರ ಅಕ್ಟೋಬರ್ 19ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಯುನೈಟೆಡ್ 2-0ಯಿಂದ ಗೆಲ್ಲುತ್ತಿದ್ದಾಗ ಬದಲಿ ಆಟಗಾರನಾಗಿ ಇಳಿ ಎಂದರೆ ರೊನಾಲ್ಡೊ ಒಪ್ಪಲಿಲ್ಲ, ಪಂದ್ಯ ಮುಗಿಯುವ ಮೊದಲೇ ಎದ್ದು ಒಳಗೆ ನಡೆದ. ಮುಂದಿನ ಚೆಲ್ಸಿ ಪಂದ್ಯಕ್ಕೆ ಟೆನ್ ಹಾಗ್ ಅವನನ್ನು ಕೈಬಿಟ್ಟರು. ನವೆಂಬರ್‌ನಲ್ಲಿ ಟಿವಿ ನಿರೂಪಕ ಪಿಯರ್ಸ್ ಮಾರ್ಗನ್‌ಗೆ ಕೊಟ್ಟ ಸಂದರ್ಶನದಲ್ಲಿ ರೊನಾಲ್ಡೊ, ಆತ ನನಗೆ ಗೌರವ ಕೊಡುವುದಿಲ್ಲ, ನನಗೂ ಆತನ ಮೇಲೆ ಗೌರವವಿಲ್ಲ ಎಂಬ ಅರ್ಥದಲ್ಲಿ ಮಾತಾಡಿದ. ನವೆಂಬರ್ 22ಕ್ಕೆ ಕರಾರು ಮುಗಿಯಿತು. ಸಂದರ್ಶನ ಕೊಟ್ಟಾಗ ಅವನು ಮಾಜಿ ಆಟಗಾರನಲ್ಲ, ಕ್ಲಬ್ಬಿನ ಸಂಬಳ ಎಣಿಸುತ್ತಿದ್ದವ. ಆ ಸಂದರ್ಶನದ ಮಟ್ಟಿಗೆ “ಜಂತಿ ಎಣಿಸ್ಯಾನ” ಎಂದ ನಿಮ್ಮ ಗೆಳೆಯರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಎರಡನೆಯದು 2024ರ ಸೆಪ್ಟೆಂಬರಿನದು. ಆಗ ರೊನಾಲ್ಡೊ ಸೌದಿಯಲ್ಲಿ ಆಡುತ್ತಿದ್ದ. ಹಳೆಯ ಜೊತೆಗಾರ ರಿಯೊ ಫರ್ಡಿನಾಂಡ್ ಜೊತೆ ಮಾತಾಡುತ್ತ, ಯುನೈಟೆಡ್‌ನಂಥ ಕ್ಲಬ್ಬಿನ ಕೋಚ್ ಲೀಗಿಗಾಗಿ, ಚಾಂಪಿಯನ್ಸ್ ಲೀಗಿಗಾಗಿ ಹೋರಾಡುವುದಿಲ್ಲ ಎನ್ನಬಾರದು ಎಂದ. ತಾನು ಹಾಗೆ ಹೇಳಿಯೇ ಇಲ್ಲ ಎಂದು ಟೆನ್ ಹಾಗ್ ಉತ್ತರ ಕೊಟ್ಟರು. ಸಂಬಳದ ಋಣ ತೀರಿದವನು ಅಭಿಪ್ರಾಯ ಹೇಳಿದರೆ ಅದು ದ್ರೋಹವಲ್ಲ, ಆ ಹಕ್ಕು ಅವನಿಗಿದೆ. ಆದರೆ ಹಕ್ಕಿದ್ದ ಮಾತ್ರಕ್ಕೆ ತೂಕ ಬಂದುಬಿಡುವುದಿಲ್ಲ. ಸುಮಾರು ಎರಡು ವರ್ಷ ಆ ಡ್ರೆಸ್ಸಿಂಗ್ ರೂಮಿಗೆ ಕಾಲಿಡದವನು, ಎದುರಿಗಿರುವವರು ಹೇಳಿಯೇ ಇಲ್ಲ ಎನ್ನುವ ಮಾತಿಗೆ ಟೀಕೆ ಮಾಡಿದ್ದಾನೆ. ತಂಡ ಹೇಗೆ ಹಾಳಾಯಿತು ಎಂಬುದಕ್ಕೆ ಅದನ್ನು ಸಾಕ್ಷಿ ಮಾಡಿಕೊಳ್ಳಲು ಬರುವುದಿಲ್ಲ.

ಇನ್ನು ಶಿಸ್ತು. ಟೆನ್ ಹಾಗ್ ಬಂದ ಹೊಸದರಲ್ಲಿ, 2022ರ ಆಗಸ್ಟ್ 13ರಂದು, ಬ್ರೆಂಟ್‌ಫರ್ಡ್ ಯುನೈಟೆಡ್ಡನ್ನು 4-0ಯಿಂದ ಹೊಡೆದು ಹಾಕಿತು. ಆ ಪಂದ್ಯದಲ್ಲಿ ಬ್ರೆಂಟ್‌ಫರ್ಡ್ ಆಟಗಾರರು ಎಲ್ಲ ಸೇರಿ ಯುನೈಟೆಡ್‌ನವರಿಗಿಂತ 13.8 ಕಿಲೋಮೀಟರ್ ಹೆಚ್ಚು ಓಡಿದ್ದರು. ಮರುದಿನದ ರಜೆ ರದ್ದಾಯಿತು. ಬಿಸಿಲಲ್ಲಿ ಅಷ್ಟೇ 13.8 ಕಿಲೋಮೀಟರ್ ಓಡಿ ಎಂದು ಟೆನ್ ಹಾಗ್ ಅಪ್ಪಣೆ ಮಾಡಿದರು, ಮಾಡಿ ತಾವೂ ಆಟಗಾರರ ಜೊತೆ ಓಡಿದರು. ಐವತ್ತೆರಡರ ವಯಸ್ಸಿನ ಮನುಷ್ಯ! ಮುಂದಿನ ಪಂದ್ಯದಲ್ಲಿ ತಂಡ ಲಿವರ್‌ಪೂಲನ್ನು 2-1ರಿಂದ ಸೋಲಿಸಿತು. ಓಡಿದ್ದಕ್ಕೇ ಗೆದ್ದರು ಎಂದು ನಾನು ಹೇಳುತ್ತಿಲ್ಲ. ಶಿಕ್ಷೆ ಕೊಟ್ಟವನೂ ಅದನ್ನು ಅನುಭವಿಸಿದ ಮೇಲೆ ಆಟಗಾರ ಯಾವ ಬಾಯಲ್ಲಿ ದೂರುತ್ತಾನೆ?

ಅದೇ ವರ್ಷದ ಡಿಸೆಂಬರ್ 31, ವುಲ್ವ್ಸ್ ಎದುರಿನ ಪಂದ್ಯ, ನಮ್ಮಲ್ಲಿ ಸಂಜೆ ಆರರ ಹೊತ್ತು. ನಿಮ್ಮಲ್ಲಿ ಬಹಳಷ್ಟು ಮಂದಿ ನೋಡಿರುತ್ತೀರಿ. ಮಾರ್ಕಸ್ ರ‍್ಯಾಶ್‌ಫರ್ಡ್ ಆಗ ಒಳ್ಳೆಯ ಲಯದಲ್ಲಿದ್ದ. ಆದರೂ ಮೊದಲ ಹನ್ನೊಂದರಲ್ಲಿ ಅವನ ಹೆಸರಿರಲಿಲ್ಲ. ಬೆಳಿಗ್ಗೆ ನಿದ್ದೆಯಿಂದ ಏಳದೆ ತಂಡದ ಮೀಟಿಂಗಿಗೆ ತಡವಾಗಿ ಬಂದಿದ್ದ. ಕಾರಣ ಕೇಳಿದವರಿಗೆ ಟೆನ್ ಹಾಗ್ ಇದು ನಮ್ಮ ಒಳಗಿನ ಶಿಸ್ತಿನ ವಿಷಯ ಎಂದಷ್ಟೇ ಹೇಳಿದರು. ತಡವಾಯಿತು, ನಿದ್ದೆ ಹತ್ತಿತ್ತು ಎಂಬುದನ್ನು ಪಂದ್ಯದ ನಂತರ ರ‍್ಯಾಶ್‌ಫರ್ಡ್ ತಾನೇ ಬಾಯಿ ಬಿಟ್ಟು ಹೇಳಿದ. ವಿರಾಮದ ನಂತರ ಅವನನ್ನು ಇಳಿಸಿದರು, ಪಂದ್ಯದ ಒಂದೇ ಗೋಲು ಅವನದಾಯಿತು. ಆ ಋತುವಿನಲ್ಲಿ ಅವನು ಒಟ್ಟು 30 ಗೋಲು ಹೊಡೆದ. ತಪ್ಪಿನ ವಿವರ ಮ್ಯಾನೇಜರ್ ಬಾಯಿಂದ ಹೊರಗೆ ಬರಲಿಲ್ಲ, ಶಿಕ್ಷೆ ನಲವತ್ತೈದು ನಿಮಿಷಕ್ಕೆ ಮುಗಿಯಿತು, ಹುಡುಗನಿಗೆ ತಿರುಗಿ ಬರುವ ದಾರಿ ಅದೇ ದಿನ ತೆರೆದಿತ್ತು. ಮೈದಾನದಲ್ಲಿ ಇದಕ್ಕಿಂತ ಚೊಕ್ಕ ಶಿಸ್ತನ್ನು ನಾನು ಕಂಡಿಲ್ಲ.

ಅದೇ ಮನುಷ್ಯ ಎಂಟು ತಿಂಗಳ ನಂತರ ಏನು ಮಾಡಿದರು ನೋಡಿ. 2023ರ ಸೆಪ್ಟೆಂಬರ್ 3ರಂದು ಆರ್ಸೆನಲ್ ಎದುರು ಯುನೈಟೆಡ್ 3-1ರಿಂದ ಸೋತಿತು. ಜೇಡನ್ ಸ್ಯಾಂಚೊ ತಂಡದ ಜೊತೆ ಬಂದಿರಲಿಲ್ಲ. ಯಾಕೆ ಎಂದು ಪತ್ರಕರ್ತರು ಕೇಳಿದರು. ಪ್ರಾಕ್ಟೀಸಿನಲ್ಲಿ ಅವನ ಆಟ ನೋಡಿ ಆಯ್ಕೆ ಮಾಡಲಿಲ್ಲ, ಯುನೈಟೆಡ್‌ನಲ್ಲಿ ಪ್ರತಿ ದಿನವೂ ಆ ಮಟ್ಟ ಮುಟ್ಟಬೇಕು ಎಂದು ಟೆನ್ ಹಾಗ್ ಎಲ್ಲರ ಮುಂದೆ ಹೇಳಿಬಿಟ್ಟರು. ವುಲ್ವ್ಸ್‌ನಲ್ಲಿ ಹೇಳಿದಂತೆ “ಒಳಗಿನ ವಿಷಯ” ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂದೇ ಸ್ಯಾಂಚೊ ಸಾಮಾಜಿಕ ಜಾಲತಾಣದಲ್ಲಿ ಆ ಮಾತು ಸುಳ್ಳು, ಬಹಳ ದಿನದಿಂದ ನನ್ನನ್ನು ಬಲಿಪಶು ಮಾಡಿದ್ದಾರೆ ಎಂದು ಬರೆದ. ಕ್ಷಮೆ ಕೇಳು ಎಂದರೆ ಕೇಳಲಿಲ್ಲ. ಅವನನ್ನು ಮುಖ್ಯ ತಂಡದಿಂದ ಬೇರೆ ಮಾಡಿದರು, ಒಬ್ಬನೇ ಪ್ರಾಕ್ಟೀಸ್ ಮಾಡುವ ಪರಿಸ್ಥಿತಿ ಬಂತು. ಜನವರಿಯಲ್ಲಿ ಎರವಲಾಗಿ ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿಗೆ ಹೋದ. 2024ರ ಜೂನ್ 1ರಂದು ವೆಂಬ್ಲಿಯಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ. ಯುನೈಟೆಡ್ ಆ ವರ್ಷ ಲೀಗಿನಲ್ಲಿ ಎಂಟನೆಯ ಸ್ಥಾನಕ್ಕೆ ಇಳಿದಿತ್ತು.

ಸ್ಯಾಂಚೊ ಪ್ರಾಕ್ಟೀಸಿನಲ್ಲಿ ಸೋಮಾರಿತನ ಮಾಡಿದ್ದನೋ ಇಲ್ಲವೋ, ಅದು ಅಲ್ಲಿದ್ದವರಿಗೆ ಗೊತ್ತು. ಅವನು ಬರೆದದ್ದೂ ಸರಿಯಲ್ಲ. ಆದರೆ ಮೊದಲ ಮಾತು ಮ್ಯಾನೇಜರ್‌ದು. ಇಪ್ಪತ್ಮೂರರ ಹುಡುಗನ ಪ್ರಾಕ್ಟೀಸಿನ ವಿಷಯವನ್ನು ಜಗತ್ತಿಗೆ ಹೇಳಿದ ಮೇಲೆ, ಅವನು ಬಾಯಿ ಮುಚ್ಚಿಕೊಂಡು ಇರಲಿ ಎಂದು ಬಯಸುವುದು ನ್ಯಾಯವಲ್ಲ.

ನಿಮ್ಮ ಇನ್ನರ್ಧ ಗೆಳೆಯರು ಕಟ್ಟುನಿಟ್ಟಿನಿಂದಲೇ ತಂಡ ಹಾಳಾಯಿತು ಎನ್ನುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅದೇ ಕಟ್ಟುನಿಟ್ಟಿನ ಮೊದಲ ವರ್ಷ ತಂಡ ಮೂರನೆಯ ಸ್ಥಾನಕ್ಕೆ ಬಂದು ಲೀಗ್ ಕಪ್ ಗೆದ್ದಿತು. ಎರಡನೆಯ ವರ್ಷ ಎಂಟಕ್ಕೆ ಇಳಿದರೂ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನೇ 2-1ರಿಂದ ಸೋಲಿಸಿ ಎಫ್‌ಎ ಕಪ್ ತಂದಿತು. ಆ ವರ್ಷ ಲಿಸಾಂಡ್ರೊ ಮಾರ್ಟಿನೆಜ್, ಲ್ಯೂಕ್ ಶಾ ಬಹುಪಾಲು ಗಾಯದಿಂದ ಹೊರಗಿದ್ದರು, ಹಿಂದಿನ ಸಾಲು ವಾರಕ್ಕೊಮ್ಮೆ ಬದಲಾಗುತ್ತಿತ್ತು. 2024ರ ಅಕ್ಟೋಬರ್ 28ರಂದು ಟೆನ್ ಹಾಗ್ ಅವರನ್ನು ತೆಗೆದಾಗ ತಂಡ 14ನೆಯ ಸ್ಥಾನದಲ್ಲಿತ್ತು. ಗಾಯ, ಆಟಗಾರರ ಖರೀದಿ, ಮೈದಾನದ ಮಧ್ಯದಲ್ಲಿ ಎದುರಾಳಿಗೆ ಬಿಟ್ಟುಕೊಟ್ಟ ಜಾಗ, ಇವನ್ನೆಲ್ಲ ಬಿಟ್ಟು ಶಿಸ್ತೊಂದರ ತಲೆಗೆ ಕಟ್ಟಿದರೆ ಆಟ ನೋಡಿಯೂ ನೋಡದಂತೆ.

ಈ ವಿಷಯದಲ್ಲಿ ಕಲಿಯಲು ಅಲೆಕ್ಸ್ ಫರ್ಗುಸನ್ ಹತ್ತಿರ ಹೋಗಬೇಕು. 1986ರ ನವೆಂಬರ್‌ನಿಂದ 2013ರ ಮೇ ತನಕ ಇದೇ ಕ್ಲಬ್ ನಡೆಸಿದವರು, 13 ಲೀಗ್ ಗೆದ್ದವರು. ಒಳಗೆ ಅವರ ಸಿಟ್ಟು ಹೇಗಿತ್ತೆಂದರೆ, 2003ರ ಫೆಬ್ರವರಿಯಲ್ಲಿ ಆರ್ಸೆನಲ್ ಎದುರು ಸೋತು ಬಂದಾಗ ಒದ್ದ ಬೂಟು ಹಾರಿ ಡೇವಿಡ್ ಬೆಕಹಮ್ ಹುಬ್ಬಿಗೆ ಬಡಿದಿತ್ತು. ಹೊರಗೆ ಮಾತ್ರ ತನ್ನ ಹುಡುಗರನ್ನು ಬಿಟ್ಟುಕೊಡುವ ಮನುಷ್ಯ ಅಲ್ಲ. ರೆಫರಿಯನ್ನು ಬೈಯುವರು, ಪತ್ರಕರ್ತರನ್ನು ಬೈಯುವರು, ಗಡಿಯಾರವನ್ನೂ ಬೈಯುವರು. ತನ್ನ ಆಟಗಾರನನ್ನು ಮೈಕಿನ ಮುಂದೆ ಬೈದದ್ದು ಬಲು ಅಪರೂಪ. ಆಟಗಾರರು ಆ ಸಿಟ್ಟನ್ನು ನುಂಗಿಕೊಂಡದ್ದು ಇದೇ ಭರವಸೆಯ ಮೇಲೆ.

ಆ ಗೆರೆಯನ್ನು ದಾಟಿದವನು ಬೇರೆ ಯಾರೂ ಅಲ್ಲ, ಅವರ ಕ್ಯಾಪ್ಟನ್ ರಾಯ್ ಕೀನ್. ನೀವೂ ಕ್ಯಾಪ್ಟನ್, ಇದನ್ನು ನಿಧಾನವಾಗಿ ಓದಿ. 1993ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಿಂದ 37.5 ಲಕ್ಷ ಪೌಂಡಿಗೆ, ಅಂದಿನ ಬ್ರಿಟಿಷ್ ದಾಖಲೆಯ ಬೆಲೆಗೆ ಬಂದವ. ಏಳು ಲೀಗ್ ಗೆದ್ದವ. 1999ರಲ್ಲಿ ಟ್ಯೂರಿನ್‌ನಲ್ಲಿ ಯುವೆಂಟಸ್ ಎದುರು ತಂಡ ಎರಡು ಗೋಲು ಹಿಂದೆ ಬಿದ್ದಾಗ ತಾನೇ ತಲೆಯಿಂದ ಮೊದಲ ಗೋಲು ಹೊಡೆದು, ಹಳದಿ ಕಾರ್ಡ್ ಸಿಕ್ಕಿ ಫೈನಲ್ ತಪ್ಪಿಹೋಯಿತು ಎಂದು ಗೊತ್ತಿದ್ದೂ ಕೊನೆಯ ತನಕ ಓಡಿ ತಂಡವನ್ನು ದಡ ಮುಟ್ಟಿಸಿದವ. 2005ರ ಅಕ್ಟೋಬರ್ 29ರಂದು ಯುನೈಟೆಡ್ ಮಿಡಲ್ಸ್‌ಬ್ರೋ ಎದುರು 4-1ರಿಂದ ಸೋತಾಗ ಕೀನ್ ಕಾಲಿನ ಗಾಯದಿಂದ ಹೊರಗಿದ್ದ. ಕ್ಲಬ್ಬಿನದೇ ಟಿವಿ ಚಾನೆಲ್ಲಿನ ಕಾರ್ಯಕ್ರಮದಲ್ಲಿ ಕೂತು ಜೊತೆಗಾರರ ಆಟವನ್ನು ಒಬ್ಬೊಬ್ಬರ ಹೆಸರು ಹಿಡಿದು ಜಾಡಿಸಿದ. ಕ್ಲಬ್ ಅದನ್ನು ಪ್ರಸಾರ ಮಾಡಲಿಲ್ಲ. ಆ ಟೇಪನ್ನು ಎಲ್ಲ ಆಟಗಾರರ ಮುಂದೆ, ಕೀನ್ ಎದುರಲ್ಲೇ ಹಾಕಿ ನೋಡಿದರು. ಕೀನ್ ತನ್ನ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ನವೆಂಬರ್ 18ಕ್ಕೆ ಹನ್ನೆರಡು ವರ್ಷದ ನಂಟು ಮುಗಿದು, ಮುಂದೆ ಸೆಲ್ಟಿಕ್ ಸೇರಿದ.

ಕೀನ್ ಹೇಳಿದ ಆಟದ ದೋಷಗಳು ಸುಳ್ಳಿರಲಿಕ್ಕಿಲ್ಲ. 4-1ರ ಸೋಲಿನಲ್ಲಿ ದೋಷ ಹುಡುಕಲು ಕಷ್ಟವೇನಿಲ್ಲ. ಹಾಗಿದ್ದೂ ಅಲ್ಲಿ ನಾನು ಫರ್ಗುಸನ್ ಪರ. ಅದೇ ಮಾತನ್ನು ಬಾಗಿಲು ಹಾಕಿಕೊಂಡು ಹೇಳುವ ಹಕ್ಕು, ಧೈರ್ಯ, ಸ್ಥಾನ ಮೂರೂ ಕೀನ್‌ಗೆ ಇದ್ದವು. ಇದೇ ಕೀನ್ ಹುಡುಗನಾಗಿದ್ದಾಗ ಫಾರೆಸ್ಟ್‌ನ ಮ್ಯಾನೇಜರ್ ಬ್ರಯನ್ ಕ್ಲಫ್ ಡ್ರೆಸ್ಸಿಂಗ್ ರೂಮಿನಲ್ಲಿ ಅವನಿಗೆ ಗುದ್ದಿದ್ದರು. ಗೋಲ್‌ಕೀಪರ್‌ಗೆ ಕೊಟ್ಟ ಪಾಸ್ ಸರಿಯಾಗಿರಲಿಲ್ಲ, ಅಷ್ಟೇ ಕಾರಣ. ಗುದ್ದುವುದು ತಪ್ಪು, ಇವತ್ತು ಯಾವ ಕೋಚ್ ಆದರೂ ಕೈ ಎತ್ತಿದರೆ ಅವರನ್ನು ಮೈದಾನದಿಂದ ಹೊರಗಿಡಬೇಕು. ಆದರೂ ಆ ಘಟನೆಯನ್ನು ಸ್ವತಃ ಬರೆದುಕೊಂಡ ಕೀನ್ ಕ್ಲಫ್ ಮೇಲೆ ದ್ವೇಷ ಇಟ್ಟುಕೊಳ್ಳಲಿಲ್ಲ, ಪ್ರೀತಿಯಿಂದಲೇ ನೆನೆಯುತ್ತಾನೆ.

ಕಟ್ಟುನಿಟ್ಟಿನವರು ಎಡವುವುದೇ ಇಲ್ಲ ಎಂದುಕೊಳ್ಳಬೇಡಿ. 2001ರಲ್ಲಿ ಯುನೈಟೆಡ್‌ನ ಡಿಫೆಂಡರ್ ಯಾಪ್ ಸ್ಟಾಮ್ ತನ್ನ ಪುಸ್ತಕದಲ್ಲಿ ಒಳಗಿನ ಸಂಗತಿ ಬರೆದ ಬೆನ್ನಲ್ಲೇ ಫರ್ಗುಸನ್ ಅವನನ್ನು ಇಟಲಿಯ ಲಾಜಿಯೊ ಕ್ಲಬ್ಬಿಗೆ ಮಾರಿದರು. ಯುನೈಟೆಡ್ ಆ ವರ್ಷ ಮೂರನೆಯ ಸ್ಥಾನಕ್ಕೆ ಕುಸಿಯಿತು. ಗಾಯದ ನಂತರ ಅವನ ವೇಗ ತಗ್ಗಿದೆ ಎಂದುಕೊಂಡೆ, ಮಾರಿದ್ದು ನನ್ನ ತಪ್ಪು ಎಂದು ಫರ್ಗುಸನ್ ನಂತರ ಒಪ್ಪಿಕೊಂಡರು.

ನಮ್ಮ ದೇಶದ ಮಾತಿಗೆ ಬಂದರೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರ ಹೆಸರು ನಿಮ್ಮ ಗುಂಪಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಶಾಲೆಯ ಮಾಸ್ತರರು, ಶಿಸ್ತಿಗೆ ಹೆಸರಾದವರು. ಬಲಗಾಲಿನವರು ಎಡಗಾಲಲ್ಲೇ, ಎಡಗಾಲಿನವರು ಬಲಗಾಲಲ್ಲೇ ಆಡಬೇಕು ಎಂಬ ನಿಯಮ ಇಟ್ಟು ಪಂದ್ಯ ಆಡಿಸುತ್ತಿದ್ದರು. 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನ, ಎಲ್ಲವೂ ಅವರ ಕಾಲದ್ದು. ಜಕಾರ್ತದ ಫೈನಲ್ 1962ರ ಸೆಪ್ಟೆಂಬರ್ 4ರಂದು. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ರಹೀಂ ಮುಂದಿನ ಸಾಲಿನಲ್ಲಿ ಆಡಿಸಿದರು, ದಕ್ಷಿಣ ಕೊರಿಯಾ ಎದುರಿನ 2-1ರ ಗೆಲುವಿನಲ್ಲಿ ಪಿ.ಕೆ. ಬ್ಯಾನರ್ಜಿ ಅವರದೊಂದು, ಜರ್ನೈಲ್ ಅವರದೊಂದು ಗೋಲು. ಮುಂದಿನ ಜೂನ್‌ನಲ್ಲಿ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಕೈಕೆಳಗೆ ಬೆವರು ಸುರಿಸಿದವರೇ ಮುಂದೆ ಪತ್ರಿಕೆಗಳಿಗೆ ಮಾತಾಡುವಾಗ ಅವರನ್ನು “ರಹೀಂ ಸಾಹೇಬ್” ಎಂದೇ ಕರೆದರು. ಮಾಜಿ ಆಟಗಾರರ ಮಾತಿಗೆ ಬೆಲೆ ಇದೆ ಎನ್ನುವುದಕ್ಕೆ ಇದೂ ಒಂದು ಸಾಕ್ಷಿ.

ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು ಆ್ಯಶ್ಲಿ ವೆಸ್ಟ್‌ವುಡ್. ಹುಡುಗನಾಗಿ ಫರ್ಗುಸನ್ ಕಾಲದ ಯುನೈಟೆಡ್‌ನಲ್ಲೇ ತಯಾರಾದವರು. ಬೆಂಗಳೂರು ಎಫ್‌ಸಿಗೆ ಮೊದಲ ಕೋಚ್ ಆಗಿ ಬಂದು, ದೇಹ ಹುರಿಗೊಳಿಸುವುದರಲ್ಲಿ ಯಾರಿಗೂ ರಿಯಾಯಿತಿ ಕೊಡದೆ, ಸುನಿಲ್ ಛೇತ್ರಿ ನಾಯಕತ್ವದ ಹೊಸ ತಂಡಕ್ಕೆ ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಆಗ ದೇಶದ ಮೇಲಿನ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟರು. ಪ್ರಶಸ್ತಿ ಖಚಿತವಾದದ್ದು ನಮ್ಮಿಂದ ಘಾಟ್ ಇಳಿದರೆ ಸಿಗುವ ಮಡಗಾಂವದ ಫತೋರ್ಡಾ ಮೈದಾನದಲ್ಲಿ.

ಟಿವಿಯಲ್ಲಿ, ಯೂಟ್ಯೂಬಿನಲ್ಲಿ ಮಾತಾಡುವ ಹಳೆಯ ಆಟಗಾರರ ಬಗ್ಗೆ ಒಂದು ಮಾತು. ನಿಮಗೆ ಮೊಬೈಲಿಗೆ ಬರುವುದು ಅರ್ಧ ನಿಮಿಷದ ತುಣುಕು. ಅದರ ಹಿಂದೆ ಮುಂದೆ ಏನಿತ್ತು ಎಂಬುದನ್ನು ಕೇಳದೆ ವಾದಕ್ಕೆ ಇಳಿಯಬೇಡಿ. ಅವರು ಹೇಳುತ್ತಿರುವುದು ತಾವು ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ, ಪಂದ್ಯ ನೋಡಿ ಊಹಿಸಿದ್ದೋ ವಿಚಾರಿಸಿ. ಚೆಂಡು ಬಿಟ್ಟುಕೊಟ್ಟ ಮೇಲೆ ಮಿಡ್‌ಫೀಲ್ಡರ್ ಎಲ್ಲಿ ನಿಲ್ಲಬೇಕಿತ್ತು ಎಂದು ಗ್ಯಾರಿ ನೆವಿಲ್ ಪರದೆಯ ಮೇಲೆ ತೋರಿಸಿದರೆ ಕಣ್ಣು ಮುಚ್ಚದೆ ನೋಡಿ, ಅದು ಅವರ ಕಸುಬು. ಇವತ್ತಿನ ಆಟಗಾರ ಮ್ಯಾನೇಜರ್ ಬಗ್ಗೆ ಮನಸ್ಸಿನಲ್ಲಿ ಏನಂದುಕೊಂಡಿದ್ದಾನೆ ಎಂದು ಹೇಳತೊಡಗಿದರೆ, ನೆವಿಲ್ ಆಗಲಿ ಕೀನ್ ಆಗಲಿ, ಅಲ್ಲಿಗೆ ಅವರೂ ನಿಮ್ಮಂತೆ ಹೊರಗಿನವರೇ.

ಈಗ ನಿಮ್ಮ ತಂಡ. ನೀವು ಬರೆದ ಅಷ್ಟರ ಮೇಲಿನಿಂದ ಹೇಳುತ್ತೇನೆ. ತಡವಾಗಿ ಬಂದವನನ್ನು ಕೂಡ್ರಿಸಿದ್ದು ತಪ್ಪಲ್ಲ, ನಿಯಮ ಎಲ್ಲರಿಗೂ ಒಂದೇ ಇದ್ದರೆ. ಕಾಲೇಜು ಹುಡುಗನೊಬ್ಬ ಬೈಕ್ ಪಂಕ್ಚರ್ ಆಯಿತು ಎಂದಾಗ ಬಿಟ್ಟು, ಪಾಳಿ ಮುಗಿಸಿ ಬಂದವನಿಗೆ ಮಾತ್ರ ಹಚ್ಚಿದ್ದರೆ ಅದು ಶಿಸ್ತಲ್ಲ. ಅದು ನಿಮಗೆ ಗೊತ್ತಿರುತ್ತದೆ. ಇಡೀ ರಾತ್ರಿ ಭಟ್ಟಿಯ ಬಿಸಿಯಲ್ಲಿ, ಲೇತ್ ಮುಂದೆ ನಿಂತವನು ಬೆಳಿಗ್ಗೆ ಆರಕ್ಕೆ ಬೂಟು ಕಟ್ಟಿ ನಿಲ್ಲಬೇಕೆಂದರೆ, ಅವನ ಮೊಣಕಾಲೂ ಹೆಚ್ಚು ದಿನ ಬಾಳುವುದಿಲ್ಲ. ನಿದ್ದೆಗೆಟ್ಟ ದೇಹಕ್ಕೆ ಸ್ನಾಯು ಹಿಡಿಯುವುದು, ಹರಿಯುವುದು ಬೇಗ. ಪಾಳಿಯ ಪಟ್ಟಿ ವಾರದ ಮೊದಲೇ ಕೈಗೆ ಬರುತ್ತದೆ. ಅದನ್ನು ಅವನು ಕೋಚ್‌ಗೆ ಮುಂಚೆಯೇ ತೋರಿಸಲಿ, ರಾತ್ರಿ ಪಾಳಿಯ ವಾರ ಅವನಿಗೆ ಸಂಜೆ ಬೇರೆ ಪ್ರಾಕ್ಟೀಸ್ ಇಡಲಿ. ಮುಂಚೆ ಒಪ್ಪಿಕೊಂಡ ಹೊತ್ತಿಗೂ ಬಾರದಿದ್ದರೆ ಆಗ ಕೂಡ್ರಿಸಲಿ, ಆಗ ಯಾರೂ ತಕರಾರು ಮಾಡಲಾರರು.

ನಿಮ್ಮ ಕೋಚ್ ತಪ್ಪಿದ್ದು “ನಿಷ್ಠೆ ಇಲ್ಲ” ಎಂದು ಜನರ ಮುಂದೆ ಅಂದಲ್ಲಿ. ಅವರ ಕಷ್ಟ ನನಗೆ ಗೊತ್ತು. ನಮ್ಮ ಊರಿನಲ್ಲಿ ಬಹಳಷ್ಟು ಕೋಚ್‌ಗಳು ತಮ್ಮ ಜೇಬಿನಿಂದ ಚೆಂಡು ತರುತ್ತಾರೆ, ಬೆಳಗಿನ ನಿದ್ದೆ ಬಿಟ್ಟು ಲೇಲೆ ಮೈದಾನದಲ್ಲೋ ಕ್ಯಾಂಪಿನಲ್ಲೋ ನಿಲ್ಲುತ್ತಾರೆ, ಯಾರೂ ಒಂದು ಚಹಾ ಕೂಡ ಕೇಳುವುದಿಲ್ಲ. ಸೆಮಿಫೈನಲ್ ದಿನ ಅಂಥವರ ಬಾಯಿಂದ ಒಂದು ಬಿರುಸು ಮಾತು ಬಂದಿರಬಹುದು. ಆದರೆ ಗೆರೆಯಾಚೆ ಆ ಹುಡುಗನ ತಂದೆ ನಿಂತಿರುತ್ತಾರೆ, ಕಾರ್ಖಾನೆಯ ಗೆಳೆಯರು ನಿಂತಿರುತ್ತಾರೆ. ರಾತ್ರಿಯೆಲ್ಲ ದುಡಿದು ನೇರ ಮೈದಾನಕ್ಕೆ ಬಂದವನಿಗೆ ನಿಷ್ಠೆ ಇಲ್ಲ ಎನ್ನುವುದನ್ನು ಅವರು ಕೇಳಿಸಿಕೊಂಡಿದ್ದಾರೆ. ಮಾತು ಮೊದಲು ಹೊರಗೆ ಹೋದದ್ದು ಅಲ್ಲಿ. ಯೂಟ್ಯೂಬಿನಲ್ಲಿ ಮಾತಾಡಿದ ಅಣ್ಣ ಎರಡನೆಯವರು, ಮೊದಲಿನವರಲ್ಲ. ಅಣ್ಣನ ಮೇಲೆ ಕೂಗಾಡುವ ಮುನ್ನ ನಿಮ್ಮ ಹುಡುಗರು ಇದನ್ನು ನೆನಪಿಡಲಿ.

ಅಣ್ಣ ಮಾಡಿದ್ದೂ ತಂಡಕ್ಕೆ ಒಳ್ಳೆಯದಾಗಲಿಲ್ಲ. ಅವರು ಅದೇ ಊರಿನವರು, ಕೋಚ್ ಮನೆ ಎಲ್ಲಿದೆ ಗೊತ್ತಿದ್ದವರು. ಸೌದಿಯಿಂದ ಮ್ಯಾಂಚೆಸ್ಟರ್‌ಗೆ ಹೋಗುವ ಕಷ್ಟ ಅವರಿಗಿರಲಿಲ್ಲ, ಸೈಕಲ್ ಹತ್ತಿ ಹೋಗಿ ಎದುರು ಕೂತು ಹೇಳಬಹುದಿತ್ತು. ಅವರನ್ನು ಬೆಳಗಿನ ಪ್ರಾಕ್ಟೀಸಿಗೆ ಕರೆಯಿರಿ. ಜನರ ಮುಂದೆ ಚರ್ಚೆ ಇಡಬೇಡಿ, ಗುಂಪಿನಲ್ಲಿ ಮೆಸೇಜ್ ಹಾಕಬೇಡಿ. ಪ್ರಾಕ್ಟೀಸ್ ಮುಗಿದ ಮೇಲೆ ಕೋಚ್, ಅಣ್ಣ, ನೀವು ಮೂವರೇ ಕುಳಿತುಕೊಳ್ಳಿ. ಸ್ಟ್ರೈಕರನ್ನು ಆ ಮಾತಿಗೆ ಕರೆಯಬೇಡಿ, ಅವನನ್ನು ಪಂಚಾಯಿತಿಗೆ ನಿಲ್ಲಿಸಿದಂತಾಗುತ್ತದೆ. ಕೋಚ್‌ಗೆ ನೀವು ಹೇಳಬೇಕಾದದ್ದು ಇಷ್ಟೇ: “ಸರ್, ಕೂಡ್ರಿಸಿದ್ದಕ್ಕೆ ನಮ್ಮ ತಕರಾರಿಲ್ಲ. ಆ ಮಾತೊಂದನ್ನು ನೀವೇ ಅವನಿಗೆ ಹಿಂದೆ ತೆಗೆದುಕೊಳ್ಳಬೇಕು.” ಹೇಳಲು ಗಂಟಲು ಕಟ್ಟುತ್ತದೆ, ಆದರೂ ಹೇಳಿ. ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿಕೊಂಡವರು ಈ ಮಾತು ಆಡದಿದ್ದರೆ ಬೇರೆ ಯಾರೂ ಆಡುವುದಿಲ್ಲ.

ಹಾಗಾದರೆ ಯಾರ ಪರ ಎಂದು ಕೇಳಿದ್ದೀರಿ. ಕೂಡ್ರಿಸಿದ ತೀರ್ಮಾನದಲ್ಲಿ ಕೋಚ್ ಪರ, ಆ ಒಂದು ಮಾತಿನಲ್ಲಿ ಸ್ಟ್ರೈಕರ್ ಪರ. ಮುಂದಿನ ಪಂದ್ಯಕ್ಕೆ ಅವನನ್ನು ಮೊದಲ ಹನ್ನೊಂದರಲ್ಲೇ ಇಳಿಸಲು ಕೋಚ್‌ಗೆ ವಿನಂತಿ ಮಾಡಿ. ಒಂದು ತಪ್ಪಿಗೆ ಒಂದು ಪಂದ್ಯದ ಶಿಕ್ಷೆ ಆಗಿಹೋಗಿದೆ, ಎರಡನೆಯ ಪಂದ್ಯಕ್ಕೂ ಅದನ್ನು ಎಳೆಯಬೇಡಿ. ಆ ವಾರ ಅವನಿಗೆ ರಾತ್ರಿ ಪಾಳಿ ಬಿದ್ದಿದ್ದರೆ ಮಾತ್ರ ವಿರಾಮದ ನಂತರ ಇಳಿಸಲಿ, ಮತ್ತು ಕಾರಣವನ್ನು ಕೋಚ್ ಅವನೊಬ್ಬನಿಗೇ ಹಿಂದಿನ ದಿನವೇ ತಿಳಿಸಲಿ.